ಮೀನಿಗೆ ದಾರ ಬಿಡುವ ಹದ

1946ರ ಮಾರ್ಚ್ 22ರಂದು ನಮ್ಮ ಮೈಸೂರಿನವರೇ ಆದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿ ಹೊಳೆಯಲ್ಲಿ ಗಾಳ ಹಾಕಿ 120 ಪೌಂಡ್ ತೂಕದ ಮಹಸೀರ್ ಮೀನನ್ನು ಹಿಡಿದರು. ಈಗಿನ ಲೆಕ್ಕದಲ್ಲಿ ಅದು ಸುಮಾರು 54 ಕಿಲೋ. ಹುಲಿ, ಚಿರತೆಗಳ ಚರ್ಮವನ್ನು ಹದಮಾಡಿ ಜೀವಂತ ಪ್ರಾಣಿಯಂತೆ ನಿಲ್ಲಿಸುವ ಕಲೆಗೆ ಹೆಸರಾಗಿದ್ದ ಮನೆತನ ಅವರದು. ಗಾಳದಲ್ಲಿ ಸಿಕ್ಕ ಮಹಸೀರ್‌ಗಳ ಮಾತು ಬಂದಾಗ ಇಂದಿಗೂ ಆ ಮೀನನ್ನೇ ಮೊದಲು ನೆನೆಯುತ್ತಾರೆ. ಕಾವೇರಿ ದಂಡೆಯ ಜನ ಮಹಸೀರನ್ನು ಬಿಳಿಮೀನು ಎನ್ನುತ್ತಾರೆ.

ಅಷ್ಟು ದೊಡ್ಡ ಮೀನು ಹೊಳೆಯ ಸೆಳವಿಗೆ ಮೈಯೊಡ್ಡಿ ಓಡತೊಡಗಿದರೆ ಅದನ್ನು ಬರಿಯ ದಾರದ ಬಲದಿಂದ ನಿಲ್ಲಿಸಲಾಗದು. ಬಿಗಿಹಿಡಿದರೆ ದಾರ ಹರಿಯುತ್ತದೆ, ಇಲ್ಲವೇ ಗಾಳದ ಮುಳ್ಳು ನೆಟ್ಟಗಾಗುತ್ತದೆ, ಇಲ್ಲವೇ ಮೀನಿನ ಬಾಯಿ ಹರಿಯುತ್ತದೆ. ಪೂರಾ ಸಡಿಲ ಬಿಟ್ಟರೆ ಮೀನು ಬಂಡೆಗಳ ಸಂದಿಗೆ ನುಗ್ಗಿ ದಾರವನ್ನು ಉಜ್ಜಿ ಕತ್ತರಿಸಿಕೊಂಡು ಹೋಗುತ್ತದೆ. ಈ ಎರಡರ ನಡುವೆ ಒಂದು ಹದವಿದೆ. ಮೀನು ಎಳೆದಾಗ ದಾರ ಬಿಡಬೇಕು, ಆದರೆ ಪ್ರತಿ ಗೇಣಿಗೂ ಮೀನು ಶ್ರಮಪಡುವಂತೆ ಬಿಡಬೇಕು. ಗಾಳದ ರೀಲಿನಲ್ಲಿ ಈ ಕೆಲಸ ಮಾಡುವ ಭಾಗವೇ ಡ್ರ್ಯಾಗ್. ಅದರ ರಚನೆ, ಅದು ಕೆಡುವ ಬಗೆ, ಅದನ್ನು ಸರಿಯಾಗಿ ಇಟ್ಟುಕೊಳ್ಳುವ ಕ್ರಮ, ಇವೇ ಇಂದಿನ ಮಾತಿನ ವಿಷಯ.

ಗಾಳದ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಕೋಲು, ದಾರ, ಮುಳ್ಳು, ಯಾವ ಮೀನಿಗೆ ಯಾವ ಎರೆ ಎಂಬ ವಿಚಾರಗಳನ್ನು ಅಲ್ಲಿ ಹೇಳಿದೆ. ಆದರೆ ದಾರವನ್ನು ಸುತ್ತಿಟ್ಟು, ಬೇಕೆಂದಾಗ ತಡೆದು ತಡೆದು ಬಿಡುವ ಯಂತ್ರ ಬಂದದ್ದು ಬಹಳ ತಡವಾಗಿ. ಹಿಂದಿನ ರೀಲುಗಳಲ್ಲಿ ಸುತ್ತಿದ ದಾರದ ಮೇಲೆ ಚರ್ಮದ ತುಂಡನ್ನಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರು. ದೊಡ್ಡ ಮೀನು ಓಡಿದಾಗ ಹಿಡಿಕೆ ಹಿಮ್ಮುಖವಾಗಿ ಗಿರ್ರನೆ ತಿರುಗಿ ಬೆರಳಿನ ಗೆಣ್ಣುಗಳಿಗೆ ಬಡಿಯುತ್ತಿತ್ತು. 1913ರ ಸುಮಾರಿಗೆ ಅಮೆರಿಕದ ವಿಲಿಯಂ ಬೋಶನ್ ಎಂಬ ಮೀನುಬೇಟೆಗಾರ, ರೀಲಿನ ಒಳಗೇ ಘರ್ಷಣೆಯ ಬಿಲ್ಲೆಗಳನ್ನು ಕೂರಿಸಿ ಹೊರಗಿನಿಂದ ನಕ್ಷತ್ರದ ಆಕಾರದ ತಿರುಪಿನಿಂದ ಬಿಗಿಮಾಡುವ ರೀಲನ್ನು ಬಳಕೆಗೆ ತಂದ. ಅದನ್ನು ತಯಾರಿಸಿಕೊಟ್ಟವನು ಜೂಲಿಯಸ್ ವಾಮ್ ಹೋಫ್. ಸ್ಟಾರ್ ಡ್ರ್ಯಾಗ್ ಎಂಬ ಆ ಏರ್ಪಾಡು ಇಂದಿನ ರೀಲುಗಳಲ್ಲೂ ಹೆಚ್ಚು ಬದಲಾಗದೆ ಉಳಿದಿದೆ.

ಡ್ರ್ಯಾಗಿನ ರಚನೆ ಸರಳ. ಸ್ಕೂಟರಿನ ಕ್ಲಚ್ ಪ್ಲೇಟುಗಳನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಂದರ ಮೇಲೊಂದು ವಾಷರುಗಳ ಅಡುಕು. ಒಂದು ಲೋಹದ್ದು, ಅದರ ಮೇಲೆ ಮೆತ್ತನೆಯ ಘರ್ಷಣೆಯ ವಾಷರು, ಮತ್ತೆ ಲೋಹದ್ದು. ಲೋಹದ ವಾಷರುಗಳಲ್ಲಿ ಕೆಲವಕ್ಕೆ ನಡುವಿನ ತೂತು ಚಪ್ಪಟೆಯಾಗಿದ್ದು ಅವು ದಂಡಕ್ಕೆ ಕಚ್ಚಿಕೊಂಡಿರುತ್ತವೆ. ಇನ್ನು ಕೆಲವಕ್ಕೆ ಹೊರ ಅಂಚಿನಲ್ಲಿ ಕಿವಿಗಳಿದ್ದು ಅವು ದಾರದ ಉರುಳೆಯ ಅಥವಾ ಹಲ್ಲುಚಕ್ರದ ಕಚ್ಚಿನಲ್ಲಿ ಕೂತು ಅದರ ಜೊತೆ ತಿರುಗುತ್ತವೆ. ತಿರುಪನ್ನು ಬಿಗಿ ಮಾಡಿದರೆ ಸ್ಪ್ರಿಂಗ್ ಈ ಅಡುಕನ್ನು ಒತ್ತುತ್ತದೆ, ವಾಷರುಗಳ ನಡುವೆ ಘರ್ಷಣೆ ಹೆಚ್ಚುತ್ತದೆ, ದಾರ ಎಳೆಯಲು ಹೆಚ್ಚು ಬಲ ಬೇಕಾಗುತ್ತದೆ. ಮೆತ್ತನೆಯ ವಾಷರನ್ನು ಹಿಂದೆ ಚರ್ಮದಿಂದ ಮಾಡುತ್ತಿದ್ದರು. ಈಗ ಅಗ್ಗದ ರೀಲುಗಳಲ್ಲಿ ಫೆಲ್ಟ್, ಒಳ್ಳೆಯ ರೀಲುಗಳಲ್ಲಿ ಕಾರ್ಬನ್ ಫೈಬರ್ ಇರುತ್ತದೆ. ಮೀನು ದೂರ ಓಡಿದಾಗ ಘರ್ಷಣೆಯಿಂದ ಶಾಖ ಹುಟ್ಟುತ್ತದೆ. ಕಾರ್ಬನ್ ಆ ಶಾಖವನ್ನು ಫೆಲ್ಟಿಗಿಂತ ಚೆನ್ನಾಗಿ ತಾಳುತ್ತದೆ.

ಘರ್ಷಣೆಯ ಒಂದು ಗುಣವನ್ನು ಇಲ್ಲಿ ನೆನಪಿಡಬೇಕು. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಕದಲಿದ ಮೇಲೆ ಅದನ್ನು ಜಾರಿಸಿಕೊಂಡು ಹೋಗಲು ಬೇಕಾದ ಬಲಕ್ಕಿಂತ ಹೆಚ್ಚು. ಡ್ರ್ಯಾಗಿನಲ್ಲಿ ಈ ಎರಡರ ಅಂತರ ಎಷ್ಟು ಕಡಿಮೆಯೋ ಆ ಡ್ರ್ಯಾಗ್ ಅಷ್ಟು ಒಳ್ಳೆಯದು. ಅಂತರ ಹೆಚ್ಚಾದರೆ ಮೀನು ಮೊದಲು ಎಳೆದಾಗ ಉರುಳೆ ಕದಲುವುದಿಲ್ಲ, ಆಮೇಲೆ ಜಗ್ಗನೆ ಕದಲುತ್ತದೆ. ಆ ಒಂದು ಕ್ಷಣದ ತಡವರಿಕೆಯಲ್ಲೇ ದಾರ ಹರಿಯುವುದು. ಮೀನು ತಪ್ಪಿಸಿಕೊಂಡಾಗ ನಾವು ದಾರವನ್ನೋ ಗಂಟನ್ನೋ ಬಯ್ಯುತ್ತೇವೆ. ಎಷ್ಟೋ ಸಲ ನಿಜವಾದ ತಪ್ಪು ಡ್ರ್ಯಾಗಿನದಾಗಿರುತ್ತದೆ.

ಈಗ ದೋಷಗಳನ್ನು ಪತ್ತೆಹಚ್ಚುವ ಕ್ರಮಕ್ಕೆ ಬರೋಣ. ರೀಲನ್ನು ಬಿಚ್ಚುವ ಮೊದಲು ಕೈಯಿಂದಲೇ ಪರೀಕ್ಷಿಸಬೇಕು. ಡ್ರ್ಯಾಗನ್ನು ಮಧ್ಯಮವಾಗಿ ಬಿಗಿಮಾಡಿ, ದಾರದ ತುದಿಯನ್ನು ಹಿಡಿದು ಒಂದೇ ಸಮನೆ, ನಿಧಾನವಾಗಿ ಎಳೆಯಿರಿ. ಉರುಳೆ ನಯವಾಗಿ ಕದಲಿ, ನಯವಾಗಿ ತಿರುಗಬೇಕು.

ಮೊದಲ ದೋಷ, ಈಗ ಹೇಳಿದ ತಡವರಿಕೆ. ಎಳೆದಾಗ ಸ್ವಲ್ಪ ಹೊತ್ತು ಹಿಡಿದುಕೊಂಡು ಆಮೇಲೆ ಬಿಡುತ್ತದೆ. ಇದಕ್ಕೆ ಸಾಮಾನ್ಯ ಕಾರಣ, ಡ್ರ್ಯಾಗನ್ನು ಬಿಗಿಯಾಗಿಯೇ ಬಿಟ್ಟು ತಿಂಗಳುಗಟ್ಟಲೆ ರೀಲನ್ನು ಮೂಲೆಯಲ್ಲಿಟ್ಟಿರುವುದು. ಫೆಲ್ಟಿನ ವಾಷರು ಅಮುಕಿಕೊಂಡು ಚಪ್ಪಟೆಯಾಗಿ ಲೋಹಕ್ಕೆ ಅಂಟಿರುತ್ತದೆ. ಹಳೆಯ ಗ್ರೀಸು ಒಣಗಿ ಅಂಟಾಗಿರುವುದೂ ಉಂಟು. ವಾಷರಿನ ಮೈ ಸವೆದು ಗಾಜಿನಂತೆ ಹೊಳೆಯುತ್ತಿದ್ದರೂ ಹೀಗೇ ಆಗುತ್ತದೆ.

ಎರಡನೆಯದು, ಎಷ್ಟು ಬಿಗಿ ಮಾಡಿದರೂ ಹಿಡಿತ ಬಾರದಿರುವುದು. ಇಲ್ಲಿ ಅವಸರ ಬೇಡ, ಏಕೆಂದರೆ ಮೂರು ಬೇರೆ ಬೇರೆ ದೋಷಗಳು ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ದಾರ ಎಳೆದಾಗ ಹಿಡಿಕೆಯೂ ಹಿಂದಕ್ಕೆ ತಿರುಗುತ್ತಿದೆಯೇ ನೋಡಿ. ತಿರುಗುತ್ತಿದ್ದರೆ ಡ್ರ್ಯಾಗಿನ ತಪ್ಪಲ್ಲ, ಹಿಮ್ಮುಖ ಚಲನೆಯನ್ನು ತಡೆಯುವ ಆಂಟಿ ರಿವರ್ಸ್ ಬೇರಿಂಗ್ ಜಾರುತ್ತಿದೆ. ಅದರೊಳಗೆ ಗ್ರೀಸು ಹೆಚ್ಚಾಗಿದ್ದರೂ ಅದು ಜಾರುತ್ತದೆ. ಹಿಡಿಕೆಯೂ ನಿಂತಿದೆ, ಉರುಳೆಯೂ ನಿಂತಿದೆ, ಆದರೂ ದಾರ ಬರುತ್ತಿದೆ ಎಂದಾದರೆ ಸುತ್ತಿದ ದಾರದ ಮುದ್ದೆಯೇ ಉರುಳೆಯ ಮೇಲೆ ಜಾರುತ್ತಿದೆ. ಹೆಣೆದ ದಾರ, ಅಂದರೆ ಬ್ರೇಡ್ ಬಳಸುವವರಿಗೆ ಈ ತೊಂದರೆ ಹೆಚ್ಚು. ಆ ದಾರ ನುಣುಪು, ಉರುಳೆಯನ್ನು ಕಚ್ಚುವುದಿಲ್ಲ. ಅಡಿಯಲ್ಲಿ ಹಲವು ಸುತ್ತು ಸಾದಾ ನೈಲಾನ್ ದಾರ ಸುತ್ತಿ, ಅದಕ್ಕೆ ಬ್ರೇಡನ್ನು ಗಂಟು ಹಾಕಿದರೆ ಸರಿಹೋಗುತ್ತದೆ. ಹಿಡಿಕೆ ನಿಂತಿದ್ದು ಉರುಳೆ ಮಾತ್ರ ಜಾರುತ್ತಿದ್ದರೆ ಆಗ ಅದು ಡ್ರ್ಯಾಗಿನದೇ ದೋಷ. ಒಣಗಿರಬೇಕಾದ ವಾಷರಿಗೆ ಎಣ್ಣೆ ತಾಗಿರಬಹುದು, ವಾಷರು ತೆಳುವಾಗಿ ಸವೆದಿರಬಹುದು, ಹಿಂದೆ ಬಿಚ್ಚಿದಾಗ ಒಂದು ವಾಷರು ಬಿಟ್ಟುಹೋಗಿರಬಹುದು, ಇಲ್ಲವೇ ಅಡುಕಿನ ಕ್ರಮ ತಪ್ಪಿರಬಹುದು.

ಮೂರನೆಯದು, ಪ್ರತಿ ಸುತ್ತಿಗೂ ಒಮ್ಮೆ ಬಿಗಿ, ಒಮ್ಮೆ ಸಡಿಲ. ಲೋಹದ ವಾಷರು ಡೊಂಕಾಗಿದ್ದರೆ ಹೀಗಾಗುತ್ತದೆ. ಆ ವಾಷರನ್ನು ಕಿಟಕಿಯ ಗಾಜಿನ ತುಂಡಿನ ಮೇಲಿಟ್ಟು ಅಂಚನ್ನು ಒತ್ತಿ ನೋಡಿ. ಅಲುಗಾಡಿದರೆ ಅದನ್ನು ಬದಲಿಸಬೇಕು. ಸುತ್ತಿಗೆಯಿಂದ ತಟ್ಟಿ ನೇರಮಾಡುವ ಪ್ರಯತ್ನ ಬೇಡ.

ನಾಲ್ಕನೆಯದು, ಬೆಳಿಗ್ಗೆ ಒಂದು ಹದ, ಮಳೆ ಬಂದ ಮೇಲೆ ಇನ್ನೊಂದು ಹದ. ಫೆಲ್ಟಿನೊಳಕ್ಕೆ ನೀರು ಇಳಿದರೆ ಘರ್ಷಣೆ ಬದಲಾಗುತ್ತದೆ. ಆ ರೀಲನ್ನು ಬಿಚ್ಚಿ ಒಣಗಿಸಿ ಮತ್ತೆ ಗ್ರೀಸು ಕೊಡುವುದೊಂದೇ ದಾರಿ.

ಇನ್ನು ಶುಚಿ ಮಾಡುವ ವಿಧಾನ. ನಮ್ಮ ಕಡೆ ರೀಲಿಗೆ ಹೆಚ್ಚು ಕೇಡು ಮಾಡುವುದು ಕಾವೇರಿ, ಕಬಿನಿಗಳ ಸಣ್ಣ ಮರಳು ಮತ್ತು ಮಳೆಗಾಲದ ಕೆಂಪು ಮೆಕ್ಕಲು. ಜೊತೆಗೆ ಎರೆ. ಈ ಹೊಳೆಗಳಲ್ಲಿ ಬಿಳಿಮೀನಿಗೆ ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಮಾಡಿದ ಮುದ್ದೆಯೇ ಹೆಸರಾದ ಎರೆ. ಆ ಮುದ್ದೆ ಮುಟ್ಟಿದ ಕೈಯಿಂದಲೇ ತಿರುಪನ್ನು ತಿರುಗಿಸಿದರೆ ಹಿಟ್ಟು ಸಂದಿಗಿಳಿದು ಒಣಗಿ ಕಲ್ಲಾಗುತ್ತದೆ. ಹಾಗಾಗಿ ಎರೆ ಕಟ್ಟಿದ ಕೈಯನ್ನು ತೊಳೆದು ಒರೆಸಿಕೊಂಡೇ ರೀಲನ್ನು ಮುಟ್ಟುವ ಅಭ್ಯಾಸ ಒಳ್ಳೆಯದು.

ಮನೆಯಲ್ಲಿ ಬೆಳಕಿರುವ ಜಾಗದಲ್ಲಿ ಒಂದು ಸ್ಟೀಲಿನ ತಟ್ಟೆಗೆ ಬಿಳಿ ಬಟ್ಟೆ ಹಾಸಿಕೊಂಡು ಕೂತುಕೊಳ್ಳಿ. ತಿರುಪನ್ನು ಪೂರ್ತಿ ಸಡಿಲಿಸಿ ತೆಗೆಯಿರಿ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಸ್ಪಿನ್ನಿಂಗ್ ರೀಲಾದರೆ ವಾಷರುಗಳು ಉರುಳೆಯ ಮೇಲ್ಭಾಗದ ಗುಳಿಯಲ್ಲೇ ಇರುತ್ತವೆ. ಅವುಗಳನ್ನು ಹಿಡಿದಿಟ್ಟ ತಂತಿಯ ಬಳೆಯೊಂದು ಇರುತ್ತದೆ. ತೆಗೆಯುವಾಗ ಅದು ಚಿಮ್ಮಿ ಹಾರುತ್ತದೆ, ಆದ್ದರಿಂದ ಮೇಲೆ ಬಟ್ಟೆ ಹಿಡಿದುಕೊಂಡೇ ತೆಗೆಯಬೇಕು. ನಕ್ಷತ್ರದ ತಿರುಪಿನ ರೀಲಿನಲ್ಲಿ ಅಡುಕು ಒಳಗಿನ ದೊಡ್ಡ ಹಲ್ಲುಚಕ್ರದೊಳಗಿರುತ್ತದೆ, ಬದಿಯ ಮುಚ್ಚಳವನ್ನೇ ಬಿಚ್ಚಬೇಕು. ತೆಗೆದ ವಾಷರುಗಳನ್ನು ತೆಗೆದ ಕ್ರಮದಲ್ಲೇ, ಮೇಲಿನ ಮುಖ ಮೇಲೇ ಇರುವಂತೆ ಸಾಲಾಗಿ ಜೋಡಿಸಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಮರುಜೋಡಣೆ ಸುಲಭ.

ಲೋಹದ ವಾಷರುಗಳನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ತುಕ್ಕಿನ ಚುಕ್ಕೆಗಳು ಆಳವಾಗಿದ್ದರೆ ಬದಲಿಸಿ, ಏಕೆಂದರೆ ಆ ಒರಟು ಮೈ ಪಕ್ಕದ ಮೆತ್ತನೆ ವಾಷರನ್ನು ತಿಂದುಹಾಕುತ್ತದೆ. ಕಾರ್ಬನ್ ವಾಷರುಗಳನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಪೆಟ್ರೋಲಿನಲ್ಲಿ ಅದ್ದುವ ಪದ್ಧತಿ ಬೇಡ, ಅದು ಫೆಲ್ಟನ್ನೂ ಪ್ಲಾಸ್ಟಿಕ್ ಭಾಗಗಳನ್ನೂ ಹಾಳುಮಾಡಬಲ್ಲದು. ಆಮೇಲೆ ಗ್ರೀಸಿನ ಪ್ರಶ್ನೆ. ಕಾರ್ಬನ್ ವಾಷರಿಗೆ ಡ್ರ್ಯಾಗಿಗೆಂದೇ ತಯಾರಾದ ಗ್ರೀಸನ್ನು ಬೆರಳತುದಿಯಿಂದ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ಒಣಗಿಯೇ ಕೆಲಸ ಮಾಡಬೇಕೆಂದು ತಯಾರಕರು ಹೇಳಿದ ವಾಷರುಗಳನ್ನು ಒಣಗಿಯೇ ಬಿಡಬೇಕು. ಮನೆಯಲ್ಲಿದೆಯೆಂದು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ವಾಷರು ಜಾರುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ನಮ್ಮೂರಿನ ಚಳಿಗಾಲದ ಬೆಳಗು ಅದಕ್ಕಿಂತ ತಣ್ಣಗಿರುತ್ತದೆ.

ಮತ್ತೆ ಜೋಡಿಸುವಾಗ ಒಂದು ಲೋಹ, ಒಂದು ಮೆತ್ತನೆಯದು ಎಂಬ ಸರದಿ ತಪ್ಪಬಾರದು. ಕಿವಿಯುಳ್ಳ ವಾಷರಿನ ಕಿವಿಗಳು ತಮ್ಮ ಕಚ್ಚಿನಲ್ಲಿ ಸರಿಯಾಗಿ ಕೂತಿವೆಯೇ ನೋಡಿಕೊಳ್ಳಿ. ಎಲ್ಲ ಮುಗಿದ ಮೇಲೆ ಡ್ರ್ಯಾಗನ್ನು ಕೆಲವು ಸಲ ಬಿಗಿಮಾಡಿ ಸಡಿಲಿಸಿ, ಹಲವು ಮೀಟರ್ ದಾರವನ್ನು ಕೈಯಿಂದ ಎಳೆದು ಸುತ್ತಿದರೆ ವಾಷರುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮಲ್ಪೆ, ಕಾರವಾರದ ಕಡೆ ಕಡಲಿಗೆ ಗಾಳ ಹಾಕಿ ಬಂದವರು ಉಪ್ಪನ್ನು ತೊಳೆಯುವಾಗ ಡ್ರ್ಯಾಗನ್ನು ಬಿಗಿ ಮಾಡಿಕೊಂಡು, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಬೇಕು. ಪೈಪಿನಿಂದ ಜೋರಾಗಿ ಹೊಡೆದರೆ ಉಪ್ಪುನೀರು ಒಳಕ್ಕೇ ಹೋಗುತ್ತದೆ. ಒರೆಸಿ ಒಣಗಿಸಿದ ಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡಬೇಕು. ಇಡೀ ಆರೈಕೆಯಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಮನೆಗೆ ಬಂದೊಡನೆ ಡ್ರ್ಯಾಗ್ ಸಡಿಲವಾಗಿರಬೇಕು.

ಶುಚಿಯಾದ ಡ್ರ್ಯಾಗನ್ನು ಹದಕ್ಕೆ ತರುವುದು ಮುಂದಿನ ಕೆಲಸ. ಬೆರಳಿನ ಅಂದಾಜು ಸಾಲದು, ಒಂದು ಸ್ಪ್ರಿಂಗ್ ತಕ್ಕಡಿ ಬೇಕು. ದಾರ ತಾಳುವ ಬಲದ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಭಾಗಕ್ಕೆ ಡ್ರ್ಯಾಗನ್ನು ನಿಲ್ಲಿಸುವುದು ಅನುಭವಿಗಳ ವಾಡಿಕೆ. ಹತ್ತು ಕಿಲೋ ತಾಳುವ ದಾರವಾದರೆ ಎರಡೂವರೆಯಿಂದ ಮೂರು ಕಿಲೋ ಚಿಲ್ಲರೆ. ದಾರವನ್ನು ಕೋಲಿನ ಬಳೆಗಳ ಮೂಲಕ ಹಾಯಿಸಿ, ಕೋಲು ಬಾಗಿರುವಾಗಲೇ ತಕ್ಕಡಿಯಿಂದ ಎಳೆದು ನೋಡಬೇಕು. ಬಳೆಗಳ ಘರ್ಷಣೆಯೂ ಸೇರುವುದರಿಂದ ರೀಲಿನಿಂದ ನೇರವಾಗಿ ಎಳೆದಾಗ ಬರುವ ಅಂಕಿಗಿಂತ ಇದು ಹೆಚ್ಚಾಗಿರುತ್ತದೆ.

ಉಳಿದ ಮೂರನೆಯ ಎರಡು ಭಾಗ ಬಲವನ್ನು ಏಕೆ ಬಿಟ್ಟುಕೊಡಬೇಕು ಎಂದು ಕೇಳಬಹುದು. ಲೆಕ್ಕ ನೋಡಿ. ಡ್ರ್ಯಾಗ್ ಹಿಡಿಯುವುದು ಉರುಳೆಯ ತಿರುಗುವಿಕೆಯನ್ನು. ದಾರ ಎಳೆಯಲು ಬೇಕಾದ ಬಲ ಉರುಳೆಯ ಮೇಲೆ ಸುತ್ತಿದ ದಾರದ ಸುರುಳಿಯ ಅಡ್ಡಳತೆಯನ್ನು ಅವಲಂಬಿಸಿದೆ. ತುಂಬಿದ ಉರುಳೆಯ ಅಡ್ಡಳತೆ 50 ಮಿಲಿಮೀಟರ್ ಇದ್ದು, ಮೀನು ದೂರ ಓಡಿ ಅದು 25 ಮಿಲಿಮೀಟರಿಗೆ ಇಳಿದರೆ, ತಿರುಪನ್ನು ಮುಟ್ಟದೆಯೇ ಮೂರು ಕಿಲೋ ಆರು ಕಿಲೋ ಆಗುತ್ತದೆ. ಇದರ ಮೇಲೆ ಹೊಳೆಯ ಸೆಳವಿನಲ್ಲಿ ಬಾಗಿ ನಿಂತ ಉದ್ದನೆಯ ದಾರವನ್ನೂ ಮೀನು ಎಳೆಯಬೇಕು. ಗಂಟು ಹಾಕಿದ ಜಾಗದಲ್ಲಿ ದಾರದ ಬಲ ಮೊದಲೇ ಕುಂದಿರುತ್ತದೆ. ಮೀನು ದೂರ ಹೋದಷ್ಟೂ ಗಾಬರಿಯಿಂದ ತಿರುಪನ್ನು ಇನ್ನಷ್ಟು ಬಿಗಿಮಾಡುವವರು ದಾರ ಕಳೆದುಕೊಳ್ಳುವುದು ಇದೇ ಕಾರಣಕ್ಕೆ. ಆ ಹೊತ್ತಿನಲ್ಲಿ ಹೆಚ್ಚು ತಡೆ ಬೇಕಿದ್ದರೆ ಅಂಗೈಯಿಂದ ಉರುಳೆಯ ಅಂಚನ್ನು ಮೆಲ್ಲಗೆ ಒತ್ತಿ. ಕೈಯನ್ನು ತಕ್ಷಣ ತೆಗೆಯಬಹುದು, ತಿರುಪನ್ನು ಹಾಗೆ ತೆಗೆಯಲಾಗದು. ಕಾವೇರಿಯ ಹಳೆಯ ಗಾಳಗಾರರು ಇನ್ನೂ ಒಂದು ಉಪಾಯ ಮಾಡುತ್ತಿದ್ದರು. ಮೀನು ದೂರ ಓಡಿದಾಗ ತೆಪ್ಪ ಹತ್ತಿ ಅದರ ಹಿಂದೆಯೇ ಹೋಗಿ, ದಾರವನ್ನು ಮತ್ತೆ ಉರುಳೆಗೆ ತುಂಬಿಕೊಳ್ಳುತ್ತಿದ್ದರು.

ಡ್ರ್ಯಾಗ್ ಜಾರುತ್ತಿರುವಾಗ ಹಿಡಿಕೆಯನ್ನು ಸುತ್ತುವುದು ಇನ್ನೊಂದು ದುರಭ್ಯಾಸ. ಸ್ಪಿನ್ನಿಂಗ್ ರೀಲಿನಲ್ಲಿ ಹಿಡಿಕೆಯ ಒಂದು ಸುತ್ತಿಗೆ ದಾರ ಸುತ್ತುವ ಭಾಗ ಐದು ಸುತ್ತು ಬರುವಂತಿದ್ದರೆ, ಮೀನು ಎಳೆಯುತ್ತಿರುವಾಗ ಹತ್ತು ಸಲ ಸುತ್ತಿದರೆ ದಾರಕ್ಕೆ ಐವತ್ತು ಹುರಿ ಬೀಳುತ್ತದೆ. ಒಂದಂಗುಲ ದಾರವೂ ಒಳಗೆ ಬರುವುದಿಲ್ಲ. ಮೀನು ಓಡುವಾಗ ಸುಮ್ಮನಿದ್ದು, ನಿಂತಾಗ ಕೋಲನ್ನು ಮೇಲೆತ್ತಿ, ಇಳಿಸುತ್ತಾ ಸುತ್ತಬೇಕು.

ಕೇಳುಗರೇ, ಇಷ್ಟೆಲ್ಲ ವಿವರ ಒಂದು ಹವ್ಯಾಸಕ್ಕೆ ಬೇಕೇ ಎಂದು ಅನ್ನಿಸಬಹುದು. ಬೇಕು, ಏಕೆಂದರೆ ದಾರದ ಇನ್ನೊಂದು ತುದಿಯಲ್ಲಿ ಒಂದು ಜೀವವಿದೆ. ದಾರ ಹರಿದರೆ ಮೀನು ಬಾಯಲ್ಲಿ ಮುಳ್ಳು ಸಿಕ್ಕಿಸಿಕೊಂಡು, ಹಿಂದೆ ನೈಲಾನ್ ದಾರ ಎಳೆದುಕೊಂಡು ಹೋಗುತ್ತದೆ. ಆ ದಾರ ಬಂಡೆಗೋ ಮುಳುಗಿದ ಮರಕ್ಕೋ ಸುತ್ತಿಕೊಂಡರೆ ಮೀನು ಅಲ್ಲೇ ಕಟ್ಟಿಹಾಕಿದಂತಾಗುತ್ತದೆ. ನೀರಿನಲ್ಲುಳಿದ ನೈಲಾನ್ ಬೇಗ ಕೊಳೆಯುವುದಿಲ್ಲ. ನೀರುಕಾಗೆ, ಆಮೆ, ನೀರುನಾಯಿಗಳು ಅದರಲ್ಲಿ ಸಿಕ್ಕಿಕೊಳ್ಳಬಹುದು. ರಂಗನತಿಟ್ಟಿನ ಹಕ್ಕಿಗಳು ಮೀನು ಹುಡುಕಿ ಸುತ್ತಲಿನ ನೀರಿಗೆಲ್ಲ ಹೋಗುತ್ತವೆ ಎಂಬುದನ್ನು ಮರೆಯಬಾರದು. ಇನ್ನು ಡ್ರ್ಯಾಗ್ ತೀರ ಸಡಿಲವಾಗಿದ್ದರೆ ಹೋರಾಟ ಬಹಳ ಹೊತ್ತು ಎಳೆಯುತ್ತದೆ. ಬೇಸಿಗೆಯ ಬೆಚ್ಚನೆ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಪೂರ್ತಿ ದಣಿದ ಮೀನನ್ನು ಬಿಟ್ಟರೂ ಅದು ಚೇತರಿಸಿಕೊಳ್ಳದೆ ಸಾಯಬಹುದು. ಹದವಾದ ಡ್ರ್ಯಾಗ್ ಹೋರಾಟವನ್ನು ಚಿಕ್ಕದಾಗಿಸುತ್ತದೆ, ಮೀನನ್ನು ಬದುಕಿಸುತ್ತದೆ.

ಕಾವೇರಿಯ ವಿಷಯದಲ್ಲಂತೂ ಈ ಮಾತಿಗೆ ತೂಕ ಹೆಚ್ಚು. ಇಲ್ಲಿನ ದೊಡ್ಡ ಬಿಳಿಮೀನು, ಬೆನ್ನಮೇಲೆ ಗೂನುಳ್ಳ ಕಿತ್ತಳೆ ರೆಕ್ಕೆಯ ಮಹಸೀರ್, ಈ ನದಿ ಮತ್ತು ಇದರ ಉಪನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬಹುಕಾಲ ಅದಕ್ಕೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2018ರಲ್ಲಿ ಅದು ಟಾರ್ ರೆಮಾದೇವಿ ಎಂದು ಗುರುತಾಯಿತು, ಅದೇ ವರ್ಷ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಅಣೆಕಟ್ಟುಗಳು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಕೊಲ್ಲುವುದು, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರಿನ ಪೈಪೋಟಿ, ಎಲ್ಲವೂ ಸೇರಿ ಅದನ್ನು ಈ ಸ್ಥಿತಿಗೆ ತಂದಿವೆ.

ಈ ಕುಸಿತ ತಿಳಿದುಬಂದದ್ದರಲ್ಲಿ ಗಾಳಗಾರರ ಪಾತ್ರವೂ ಇದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ ಮೀನು ಹಿಡಿದು, ತೂಕ ಬರೆದುಕೊಂಡು, ಮತ್ತೆ ಹೊಳೆಗೇ ಬಿಡುವ ಪದ್ಧತಿ ಇತ್ತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಸೀರ್‌ಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ನೀಲಿ ರೆಕ್ಕೆಯವು ಹೆಚ್ಚುತ್ತಾ ಗೂನುಬೆನ್ನಿನವು ಕಣ್ಮರೆಯಾಗುತ್ತಾ ಹೋದದ್ದು ಸ್ಪಷ್ಟವಾಗಿ ಕಂಡಿತು. ಹಿಡಿದ ಮೀನನ್ನು ಜೀವಂತ ಬಿಟ್ಟು, ಅದರ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದಿಟ್ಟ ಜನರಿಂದ ಸಿಕ್ಕ ತಿಳಿವಳಿಕೆ ಅದು. ಈಗ ಆ ಶಿಬಿರಗಳಿರುವ ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ನಿಂತಿದೆ. ಆ ನಿಯಮವನ್ನು ನಾವು ಪಾಲಿಸಬೇಕು. ರಾಮನಾಥಪುರದ ದೇವಾಲಯದ ಮುಂದೆ, ಶೃಂಗೇರಿಯಲ್ಲಿ, ಶಿಶಿಲದಲ್ಲಿ ಮೀನಿಗೆ ಕೈ ಮಾಡದೆ ಕಾಪಾಡಿಕೊಂಡು ಬಂದ ನಾಡು ನಮ್ಮದು. ಗಾಳ ಹಾಕಬಹುದಾದ ಜಾಗದಲ್ಲಿ ಮೀನುಗಾರಿಕೆ ಇಲಾಖೆಯ ಅಪ್ಪಣೆ ಪಡೆದೇ ಹಾಕೋಣ. ಕುಕ್ಕರಹಳ್ಳಿ, ಕಾರಂಜಿಯಂಥ ಹಕ್ಕಿಗಳ ಕೆರೆಗಳನ್ನು ಹಕ್ಕಿಗಳಿಗೇ ಬಿಡೋಣ.

ಕಾಟ್ಲಾ ಇರಲಿ, ಬಾಳೆಮೀನಿರಲಿ, ಅಪರೂಪದ ಬಿಳಿಮೀನೇ ಇರಲಿ, ದಾರ ಹರಿದುಕೊಂಡು ಮುಳ್ಳಿನೊಂದಿಗೆ ಹೋಗುವ ಮೀನು ಯಾರ ತಟ್ಟೆಗೂ ಬರುವುದಿಲ್ಲ, ಹೊಳೆಗೂ ಉಳಿಯುವುದಿಲ್ಲ. ಅದನ್ನು ತಪ್ಪಿಸುವುದು ಗಾಳ ಹಿಡಿದವನ ಮೊದಲ ಕರ್ತವ್ಯ. ಹೊರಡುವ ಹಿಂದಿನ ದಿನ ದಾರ ಎಳೆದು ನೋಡಿ, ತಕ್ಕಡಿ ಹಿಡಿದು ಹದ ನಿಲ್ಲಿಸಿ. ಹದ ನಿಲ್ಲದ ರೀಲನ್ನು ಮನೆಯಲ್ಲೇ ಬಿಟ್ಟು ಹೋಗಿ. ಮನೆಯಲ್ಲಿ ಗಾಳ ಹಿಡಿಯಲು ಆಸೆಪಡುವ ಮಕ್ಕಳಿದ್ದರೆ ಮೀನು ಹಿಡಿಯುವುದನ್ನು ಕಲಿಸುವ ಮೊದಲು ಡ್ರ್ಯಾಗ್ ಬಿಚ್ಚಿ ಜೋಡಿಸುವುದನ್ನು ಕಲಿಸಿ. ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಅವರು ಅಲ್ಲಿಂದಲೇ ಅರಿತುಕೊಳ್ಳುತ್ತಾರೆ.